ಗೀಸರ್ ಜೋಡಣೆಗೆ ಗೋಡೆಯ ಸ್ವಿಚ್, ಸಾಕೆಟ್: ಆಯ್ಕೆಗೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮೇಲವಂಕಿ: ಚಳಿಗಾಲ ಸಮೀಪಿಸುತ್ತಿದ್ದಂತೆ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ಭಾಗದ ವಿದ್ಯುತ್ ಸಾಮಗ್ರಿ ಅಂಗಡಿಗಳಲ್ಲಿ ಗೀಸರ್ ವ್ಯಾಪಾರ ಚುರುಕು ಪಡೆಯುತ್ತದೆ. ಕಟ್ಟಿಗೆಯ ಒಲೆಯ ಮೇಲಿನ ಹಂಡೆ, ತಾಮ್ರದ ಬಂಬ, ಬಕೆಟ್‌ನಲ್ಲಿ ಮುಳುಗಿಸುವ ಹೀಟರ್ ರಾಡ್ ಇವುಗಳ ಸ್ಥಾನವನ್ನು ಬಚ್ಚಲುಮನೆಯ ಗೋಡೆಗೆ ಕಾಯಂ ಆಗಿ ಕೂರಿಸುವ ಗೀಸರ್ ಆಕ್ರಮಿಸಿದೆ. ಮೇಲವಂಕಿಯಂತಹ ಹಳ್ಳಿಗಳ ಹಳೆಯ ಮಾಳಿಗೆ ಮನೆಗಳು ಹಾಗೂ ಕಬ್ಬಿನ ಗದ್ದೆಗಳ ನಡುವಿನ ತೋಟದ ಮನೆಗಳು ಕೂಡ ಇದಕ್ಕೆ ಹೊರತಾಗಿಲ್ಲ.

ಗೀಸರ್ ಕೊಳ್ಳುವಾಗ ನಾಲ್ಕಾರು ಅಂಗಡಿ ಸುತ್ತಿ ವಿಚಾರಿಸುವ ಗ್ರಾಹಕರು, ಅದನ್ನು ಜೋಡಿಸುವ ಸ್ವಿಚ್, ಸಾಕೆಟ್, ತಂತಿಗಳ ವಿಷಯದಲ್ಲಿ ಮಾತ್ರ ಇದ್ದುದರಲ್ಲೇ ಹೊಂದಿಸಿಕೊಳ್ಳುವುದು ಸಾಮಾನ್ಯ. ಕರಗಿದ ಸಾಕೆಟ್, ಸುಟ್ಟ ತಂತಿ, ನಲ್ಲಿ ಮುಟ್ಟಿದರೆ ಶಾಕ್ ಹೊಡೆಯುವುದು ಮುಂತಾದ ತೊಂದರೆಗಳ ಮೂಲ ಬಹುಪಾಲು ಈ ಹೊಂದಾಣಿಕೆಯಲ್ಲಿಯೇ ಇರುತ್ತದೆ. ಒದ್ದೆ ಮೈಯಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರಿಗೆ ತಗಲುವ ಶಾಕ್ ಜೀವವನ್ನೇ ತೆಗೆಯಬಲ್ಲದು. ಆದ್ದರಿಂದ ಗೀಸರ್ ಜೋಡಣೆಗೆ ಯಾವ ಸಾಧನ ಸೂಕ್ತ, ಯಾವುದು ಅಪಾಯಕಾರಿ ಎಂಬುದನ್ನು ಮನೆಯ ಯಜಮಾನರೂ ಅರಿತಿರುವುದು ಅವಶ್ಯ.

ಮೊದಲು ಲೆಕ್ಕ, ನಂತರ ಖರೀದಿ

ಯಾವ ಸಾಕೆಟ್ ಬೇಕು ಎಂಬುದನ್ನು ನಿರ್ಧರಿಸುವುದು ಗೀಸರ್‌ನ ಲೀಟರ್ ಪ್ರಮಾಣವಲ್ಲ, ಅದರ ವ್ಯಾಟ್ ಪ್ರಮಾಣ. ಗೀಸರ್ ಮೇಲಿನ ಫಲಕದಲ್ಲಿ ಇದು ನಮೂದಾಗಿರುತ್ತದೆ. ವ್ಯಾಟ್ ಸಂಖ್ಯೆಯನ್ನು ವೋಲ್ಟೇಜ್‌ನಿಂದ, ಅಂದರೆ 230ರಿಂದ ಭಾಗಿಸಿದರೆ ಹರಿಯುವ ವಿದ್ಯುತ್ತು ಎಷ್ಟು ಆಂಪಿಯರ್ ಎಂಬುದು ತಿಳಿಯುತ್ತದೆ.

1,000 ವ್ಯಾಟ್: ಸುಮಾರು 4.3 ಆಂಪಿಯರ್
1,500 ವ್ಯಾಟ್: ಸುಮಾರು 6.5 ಆಂಪಿಯರ್
2,000 ವ್ಯಾಟ್: ಸುಮಾರು 8.7 ಆಂಪಿಯರ್
3,000 ವ್ಯಾಟ್: ಸುಮಾರು 13 ಆಂಪಿಯರ್
4,500 ವ್ಯಾಟ್: ಸುಮಾರು 19.6 ಆಂಪಿಯರ್

ನೀರು ಸಂಗ್ರಹಿಸಿ ಕಾಯಿಸುವ 15 ಅಥವಾ 25 ಲೀಟರ್‌ನ ಗೀಸರ್‌ಗಳು ಸಾಮಾನ್ಯವಾಗಿ 2,000 ವ್ಯಾಟ್‌ನವು. ನೀರು ಹರಿಯುತ್ತಿರುವಾಗಲೇ ಕಾಯಿಸುವ 1 ಅಥವಾ 3 ಲೀಟರ್‌ನ ‘ಇನ್‌ಸ್ಟಂಟ್’ ಗೀಸರ್‌ಗಳು 3,000 ಅಥವಾ 4,500 ವ್ಯಾಟ್‌ನವು. ಗಾತ್ರದಲ್ಲಿ ಚಿಕ್ಕದಾದ ಗೀಸರ್ ಹೆಚ್ಚು ವಿದ್ಯುತ್ ಎಳೆಯುತ್ತದೆ ಎಂಬ ಈ ಅಂಶವೇ ಅನೇಕರಿಗೆ ತಿಳಿದಿರುವುದಿಲ್ಲ. ‘ಸಣ್ಣ ಗೀಸರ್ ತಾನೆ, ಇದ್ದ ಪ್ಲಗ್ ಸಾಕು’ ಎಂಬ ಭಾವನೆ ಇಲ್ಲಿ ಮೋಸ ಮಾಡುತ್ತದೆ.

6 ಮತ್ತು 16 ಆಂಪಿಯರ್: ವ್ಯತ್ಯಾಸವೇನು?

ಭಾರತದಲ್ಲಿ ಮನೆ ಬಳಕೆಯ ಪ್ಲಗ್ ಮತ್ತು ಸಾಕೆಟ್‌ಗಳು ಭಾರತೀಯ ಮಾನಕ ಬ್ಯೂರೋದ ಐಎಸ್ 1293 ಎಂಬ ಮಾನಕಕ್ಕೆ ಒಳಪಡುತ್ತವೆ. ಮನೆಗಳಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು ಬಗೆ: 6 ಆಂಪಿಯರ್‌ನ ಚಿಕ್ಕ ಸಾಕೆಟ್ ಹಾಗೂ 16 ಆಂಪಿಯರ್‌ನ ದೊಡ್ಡ ಸಾಕೆಟ್. ಹಳಬರ ಬಾಯಲ್ಲಿ ಇವು ಇಂದಿಗೂ ‘5 ಆಂಪಿಯರ್ ಪ್ಲಗ್’, ‘15 ಆಂಪಿಯರ್ ಪವರ್ ಪ್ಲಗ್’ ಎಂದೇ ಪರಿಚಿತ.

ಫ್ಯಾನ್, ಟಿ.ವಿ., ಮೊಬೈಲ್ ಚಾರ್ಜರ್, ಮಿಕ್ಸರ್ ಮುಂತಾದವುಗಳಿಗೆ 6 ಆಂಪಿಯರ್ ಸಾಕು. ಮೇಲಿನ ಪಟ್ಟಿಯನ್ನು ಗಮನಿಸಿದರೆ 1,500 ವ್ಯಾಟ್‌ನ ಹೀಟರ್ ಕೂಡ 6 ಆಂಪಿಯರ್ ಮಿತಿಯನ್ನು ದಾಟುತ್ತದೆ ಎಂಬುದು ಸ್ಪಷ್ಟ. ಹೀಗಾಗಿ ಯಾವುದೇ ಗೀಸರ್ ಅನ್ನು ಚಿಕ್ಕ ಸಾಕೆಟ್‌ಗೆ ಜೋಡಿಸುವಂತಿಲ್ಲ. ಗೀಸರ್‌ನ ದೊಡ್ಡ ಪ್ಲಗ್ ಅನ್ನು ಚಿಕ್ಕ ಸಾಕೆಟ್‌ಗೆ ಹೊಂದಿಸಲು ಮಾರಾಟವಾಗುವ ‘ಕನ್ವರ್ಷನ್ ಪ್ಲಗ್’ ಬಳಸುವುದಂತೂ ಅಪಾಯವನ್ನು ಆಹ್ವಾನಿಸಿದಂತೆ.

ಇತ್ತೀಚೆಗೆ ಎರಡೂ ಬಗೆಯ ಪ್ಲಗ್ ಕೂರುವ ‘6/16’ ಸಾಕೆಟ್‌ಗಳು ಹೆಚ್ಚಾಗಿ ಬಳಕೆಯಾಗುತ್ತಿವೆ. ಅವುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಮುಂಭಾಗದಲ್ಲಿ 16 ಎಂದು ಬರೆದಿದ್ದರೂ ಹಿಂಭಾಗದಲ್ಲಿ ದೀಪದ ಲೈನಿನಿಂದ ಎಳೆದ 1 ಚದರ ಮಿ.ಮೀ. ತಂತಿ ಇದ್ದರೆ ಆ ಸಾಕೆಟ್ ಗೀಸರ್‌ಗೆ ಯೋಗ್ಯವಲ್ಲ. ಸಾಕೆಟ್‌ನ ಸಾಮರ್ಥ್ಯ ಎಂದರೆ ಅದರ ಹಿಂದಿನ ತಂತಿಯ ಸಾಮರ್ಥ್ಯವೂ ಹೌದು. ಎಲ್ಲ ದೇಶಗಳ ಪಿನ್‌ಗಳೂ ಕೂರುವಂತಹ ಸಾಕೆಟ್‌ಗಳು ಯಾವ ಪಿನ್ನನ್ನೂ ಗಟ್ಟಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಅವುಗಳಿಂದಲೂ ದೂರವಿರುವುದು ಲೇಸು.

ಸಾಕೆಟ್ ಬಿಸಿಯಾಗುವುದೇಕೆ?

ಗೀಸರ್ ಜೋಡಿಸಿದ ಸಾಕೆಟ್ ಕಂದು ಬಣ್ಣಕ್ಕೆ ತಿರುಗುವುದು, ಪ್ಲಗ್ ಅಂಟಿಕೊಳ್ಳುವುದು, ಸುಟ್ಟ ವಾಸನೆ ಬರುವುದು ಹಲವರ ಅನುಭವ. ‘ಕರೆಂಟು ಜಾಸ್ತಿ ಬಂತು’ ಎಂದು ಇದಕ್ಕೆ ಕಾರಣ ಹೇಳುವುದು ರೂಢಿಯಾದರೂ ನಿಜವಾದ ಕಾರಣ ಸಡಿಲ ಸಂಪರ್ಕ.

ಸಂಪರ್ಕ ಸಡಿಲವಾದಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ಆ ತಡೆ ಕೇವಲ 0.1 ಓಮ್‌ನಷ್ಟಿದ್ದರೂ 13 ಆಂಪಿಯರ್ ಹರಿಯುವಾಗ ಅಲ್ಲಿ ಸುಮಾರು 17 ವ್ಯಾಟ್ ಶಾಖ ಉತ್ಪತ್ತಿಯಾಗುತ್ತದೆ. ರೇಡಿಯೋ ರಿಪೇರಿಗೆ ಬಳಸುವ ಬೆಸುಗೆ ಕಡ್ಡಿ 25 ವ್ಯಾಟ್‌ನದು ಎಂಬುದನ್ನು ನೆನಪಿಸಿಕೊಂಡರೆ, ಪ್ಲಾಸ್ಟಿಕ್ಕಿನ ಸಾಕೆಟ್ ಒಳಗೆ ಇಷ್ಟು ಶಾಖ ನಿತ್ಯ ಅರ್ಧ ಗಂಟೆ ಇದ್ದರೆ ಏನಾದೀತೆಂದು ಊಹಿಸಬಹುದು. ಶಾಖದಿಂದ ಹಿತ್ತಾಳೆಯ ಹಿಡಿಕೆ ಇನ್ನಷ್ಟು ಸಡಿಲವಾಗುತ್ತದೆ. ಸಡಿಲವಾದಷ್ಟೂ ಶಾಖ ಹೆಚ್ಚುತ್ತದೆ. ಕೊನೆಗೆ ಪ್ಲಾಸ್ಟಿಕ್ ಕರಗುತ್ತದೆ. ವಿದ್ಯುತ್ ಪ್ರಮಾಣ ಮಿತಿಯೊಳಗೇ ಇರುವುದರಿಂದ ಈ ಹಂತದಲ್ಲಿ ಎಂಸಿಬಿಯಾಗಲಿ ಫ್ಯೂಜ್ ಆಗಲಿ ಕೆಲಸಕ್ಕೆ ಬರುವುದಿಲ್ಲ.

ಒಮ್ಮೆ ಬಿಸಿಯಾಗಿ ಬಣ್ಣಗೆಟ್ಟ ಸಾಕೆಟ್‌ನ ಸ್ಕ್ರೂ ಬಿಗಿದು ಮತ್ತೆ ಬಳಸುವುದು ಸರಿಯಲ್ಲ. ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಬದಲಿಸಬೇಕು. ಕೇವಲ ಒಂದನ್ನು ಬದಲಿಸಿದರೆ ಹಾಳಾದುದು ಹೊಸದನ್ನೂ ಕೆಡಿಸುತ್ತದೆ. ಸುಟ್ಟ ತಂತಿಯ ತುದಿಯನ್ನು ಶುದ್ಧ ತಾಮ್ರ ಕಾಣುವವರೆಗೆ ಕತ್ತರಿಸಿ ಹೊಸದಾಗಿ ಜೋಡಿಸಬೇಕು.

ಪ್ಲಗ್ ಬೇಕೇ, ನೇರ ಜೋಡಣೆ ಬೇಕೇ?

ಗೀಸರ್ ಒಂದೆಡೆ ಕಾಯಂ ಆಗಿರುವ ಸಾಧನ. ಅದನ್ನು ಇಸ್ತ್ರಿ ಪೆಟ್ಟಿಗೆಯಂತೆ ದಿನವೂ ಕಿತ್ತು ಹಾಕುವ ಪ್ರಮೇಯವಿಲ್ಲ. ಹೀಗಿರುವಾಗ ಪ್ಲಗ್ ಮತ್ತು ಸಾಕೆಟ್ ಎಂಬ ಜೋಡಿ ಸಂಪರ್ಕವೇ ಅನಗತ್ಯ ಎಂಬುದು ಅನುಭವಿ ವೈರ್‌ಮನ್‌ಗಳ ಅಭಿಪ್ರಾಯ. ಸಂಪರ್ಕ ಬಿಂದುಗಳು ಕಡಿಮೆಯಾದಷ್ಟೂ ಬಿಸಿಯಾಗುವ ಸ್ಥಳಗಳೂ ಕಡಿಮೆಯಾಗುತ್ತವೆ. ಗೀಸರ್ ತಯಾರಕರು ಕೊಟ್ಟ ಕೈಪಿಡಿಯ ಸೂಚನೆಯನ್ನು ಗಮನಿಸಿ ಈ ಕೆಳಗಿನಂತೆ ಆಯ್ದುಕೊಳ್ಳಬಹುದು.

2,000 ವ್ಯಾಟ್‌ನ ಗೀಸರ್: ಉತ್ತಮ ಗುಣಮಟ್ಟದ 16 ಆಂಪಿಯರ್ ಸಾಕೆಟ್ ಸಾಕಾಗುತ್ತದೆ. 20 ಆಂಪಿಯರ್ ಡಿಪಿ ಸ್ವಿಚ್ ಮೂಲಕ ನೇರ ಜೋಡಣೆ ಇನ್ನೂ ಉತ್ತಮ.

3,000 ವ್ಯಾಟ್‌ನ ಗೀಸರ್: 16 ಆಂಪಿಯರ್ ಸಾಕೆಟ್‌ಗೆ ಜೋಡಿಸಬಹುದಾದರೂ ಉಳಿಯುವ ಅಂತರ ಅಲ್ಪ. 20 ಅಥವಾ 25 ಆಂಪಿಯರ್ ಡಿಪಿ ಸ್ವಿಚ್ ಮೂಲಕ ನೇರ ಜೋಡಣೆ ಸೂಕ್ತ.

4,500 ವ್ಯಾಟ್‌ನ ಗೀಸರ್: 16 ಆಂಪಿಯರ್ ಸಾಕೆಟ್ ಬಳಸುವಂತೆಯೇ ಇಲ್ಲ. 25 ಅಥವಾ 32 ಆಂಪಿಯರ್ ಡಿಪಿ ಸ್ವಿಚ್ ಮತ್ತು ನೇರ ಜೋಡಣೆ ಕಡ್ಡಾಯವೆಂದೇ ತಿಳಿಯಬೇಕು.

ನೇರ ಜೋಡಣೆ ಎಂದರೆ ಗೋಡೆಯಿಂದ ಹೊರಬಂದ ತಂತಿಗೆ ಗೀಸರ್ ತಂತಿಯನ್ನು ತಿರುಚಿ ಟೇಪ್ ಸುತ್ತುವುದಲ್ಲ. ಗೋಡೆಯಲ್ಲಿ ಮುಚ್ಚಳವಿರುವ ಪೆಟ್ಟಿಗೆ ಕೂರಿಸಿ, ಅದರೊಳಗೆ ಸ್ಕ್ರೂ ಇರುವ ಪಿಂಗಾಣಿ ಕನೆಕ್ಟರ್ ಬಳಸಿ, ತಂತಿ ಎಳೆದರೂ ಕಳಚದಂತೆ ಕ್ಲಿಪ್ ಹಾಕಿ ಮುಗಿಸಬೇಕು.

ಡಿಪಿ ಸ್ವಿಚ್ ಏಕೆ?

ಸಾಮಾನ್ಯ ಸ್ವಿಚ್ ಒಂದೇ ತಂತಿಯನ್ನು ಕಡಿತಗೊಳಿಸುತ್ತದೆ. ಅದು ಫೇಸ್ ತಂತಿಯಾಗಿರಬೇಕು ಎಂಬುದು ನಿಯಮ. ಡಿಪಿ, ಅಂದರೆ ಡಬಲ್ ಪೋಲ್ ಸ್ವಿಚ್ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಏಕಕಾಲಕ್ಕೆ ಬೇರ್ಪಡಿಸುತ್ತದೆ.

ಗ್ರಾಮೀಣ ಭಾಗದಲ್ಲಿ ಇದರ ಮಹತ್ವ ಹೆಚ್ಚು. ಮಳೆ ಗಾಳಿಗೆ ಸರ್ವಿಸ್ ತಂತಿ ತುಂಡಾಗಿ ಮತ್ತೆ ಜೋಡಿಸುವಾಗ ಅಥವಾ ಮನೆಯೊಳಗೆ ರಿಪೇರಿ ನಡೆದಾಗ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗುವ ಸಂಭವವಿದೆ. ಆಗಲೂ ದೀಪ ಉರಿಯುತ್ತದೆ, ಗೀಸರ್ ಕಾಯುತ್ತದೆ. ಮನೆಯವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಸಾಮಾನ್ಯ ಸ್ವಿಚ್ ಆರಿಸಿದರೂ ಗೀಸರ್‌ನ ಕಾಯಿಲ್‌ನಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ‘ಸ್ವಿಚ್ ಆಫ್ ಮಾಡಿಯೇ ಸ್ನಾನಕ್ಕೆ ಇಳಿದಿದ್ದರು’ ಎಂಬಂತಹ ಪ್ರಸಂಗದಲ್ಲೂ ಶಾಕ್ ತಗಲಬಹುದಾದುದು ಇದೇ ಕಾರಣಕ್ಕೆ. ಡಿಪಿ ಸ್ವಿಚ್ ಇದ್ದಲ್ಲಿ ತಂತಿ ಅದಲುಬದಲಾದರೂ ಆರಿಸಿದ ಮೇಲೆ ಗೀಸರ್ ಪೂರ್ಣವಾಗಿ ಬೇರ್ಪಡುತ್ತದೆ. ಕೆಂಪು ಸೂಚಕ ದೀಪವಿರುವ ಡಿಪಿ ಸ್ವಿಚ್ ಆಯ್ದುಕೊಂಡರೆ ಗೀಸರ್ ಚಾಲೂ ಇರುವುದು ದೂರದಿಂದಲೇ ತಿಳಿಯುತ್ತದೆ.

ತಂತಿ ಮತ್ತು ಎಂಸಿಬಿ

ಗೀಸರ್‌ಗೆ ಮುಖ್ಯ ಫಲಕದಿಂದಲೇ ಪ್ರತ್ಯೇಕ ಲೈನ್ ಎಳೆಯಬೇಕು. ಅದೇ ಲೈನಿಗೆ ಬೇರೆ ಸಾಕೆಟ್, ದೀಪ ಜೋಡಿಸಬಾರದು. ಇನ್ವರ್ಟರ್ ಲೈನಿಗೆ ಗೀಸರ್ ಜೋಡಿಸಲೇಬಾರದು.

2,000 ವ್ಯಾಟ್: 2.5 ಚದರ ಮಿ.ಮೀ. ತಾಮ್ರದ ತಂತಿ, 16 ಆಂಪಿಯರ್ ಎಂಸಿಬಿ
3,000 ವ್ಯಾಟ್: 2.5 ಅಥವಾ 4 ಚದರ ಮಿ.ಮೀ. ತಾಮ್ರದ ತಂತಿ, ಸಾಕೆಟ್ ಇದ್ದರೆ 16, ನೇರ ಜೋಡಣೆಯಾದರೆ 20 ಆಂಪಿಯರ್ ಎಂಸಿಬಿ
4,500 ವ್ಯಾಟ್: 4 ಚದರ ಮಿ.ಮೀ. ತಾಮ್ರದ ತಂತಿ, 25 ಆಂಪಿಯರ್ ಎಂಸಿಬಿ

ಎಂಸಿಬಿ ಇರುವುದು ತಂತಿ ಮತ್ತು ಸಾಕೆಟ್‌ನ ರಕ್ಷಣೆಗೆ. ಆದ್ದರಿಂದ ಅದರ ಆಂಪಿಯರ್ ಸಂಖ್ಯೆ ತಂತಿ ಮತ್ತು ಸಾಕೆಟ್ ತಾಳಬಲ್ಲ ಪ್ರಮಾಣವನ್ನು ಮೀರಬಾರದು. ಎಂಸಿಬಿ ಪದೇ ಪದೇ ಬೀಳುತ್ತದೆಂದು 16ರ ಜಾಗಕ್ಕೆ 32 ಆಂಪಿಯರ್‌ನದನ್ನು ಹಾಕಿಸುವುದು, ಹಳೆಯ ಫ್ಯೂಜ್‌ಗೆ ನಾಲ್ಕೈದು ಎಳೆ ತಂತಿ ಸುತ್ತುವುದು ಇವೆಲ್ಲ ಕಾವಲುಗಾರನ ಕಣ್ಣು ಕಟ್ಟಿದಂತೆ. ಎಂಸಿಬಿ ಬೀಳುತ್ತಿದೆ ಎಂದರೆ ಎಲ್ಲೋ ದೋಷವಿದೆ ಎಂದೇ ಅರ್ಥ.

ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎಳೆದ ಅಲ್ಯೂಮಿನಿಯಂ ತಂತಿ ಇಂದಿಗೂ ಕಾಣಸಿಗುತ್ತದೆ. ಅಲ್ಯೂಮಿನಿಯಂ ಸ್ಕ್ರೂ ಕೆಳಗೆ ಕಾಲಕ್ರಮೇಣ ಚಪ್ಪಟೆಯಾಗಿ ಸಡಿಲಗೊಳ್ಳುತ್ತದೆ. ಅದರ ಮೇಲ್ಮೈಯಲ್ಲಿ ವಿದ್ಯುತ್ ಹರಿಯದ ಪದರವೂ ಕಟ್ಟುತ್ತದೆ. ಅಂತಹ ತಂತಿಗೆ ಗೀಸರ್ ಜೋಡಿಸದೆ, ಗೀಸರ್ ಒಂದಕ್ಕಾದರೂ ಹೊಸ ತಾಮ್ರದ ಲೈನ್ ಹಾಕಿಸಬೇಕು.

ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲವೇ?

ಹೊಡೆಯುತ್ತದೆ. ಈ ವಿಷಯದಲ್ಲಿ ಜನರಲ್ಲಿರುವ ತಪ್ಪು ತಿಳಿವಳಿಕೆ ವ್ಯಾಪಕವಾದುದು. 16 ಆಂಪಿಯರ್‌ನ ಎಂಸಿಬಿ 16 ಆಂಪಿಯರ್ ಮೀರಿದ ಮೇಲಷ್ಟೇ ಎಚ್ಚೆತ್ತುಕೊಳ್ಳುತ್ತದೆ. ಮನುಷ್ಯನ ಪ್ರಾಣಕ್ಕೆ ಅಪಾಯ ಒದಗಲು ಒಂದು ಆಂಪಿಯರ್‌ನ ಹತ್ತರಲ್ಲಿ ಒಂದು ಭಾಗವೂ ಬೇಕಿಲ್ಲ.

ಈ ಕೆಲಸಕ್ಕೆ ಇರುವ ಸಾಧನ ಆರ್‌ಸಿಸಿಬಿ. ಅಂಗಡಿಗಳಲ್ಲಿ ಇದನ್ನು ಹಳೆಯ ರೂಢಿಯಂತೆ ‘ಇಎಲ್‌ಸಿಬಿ’ ಎಂದೂ ಕರೆಯುತ್ತಾರೆ. ಫೇಸ್‌ನಲ್ಲಿ ಹೋದ ವಿದ್ಯುತ್ತು ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳಿತೇ ಎಂಬುದನ್ನು ಇದು ಸದಾ ತಾಳೆ ನೋಡುತ್ತಿರುತ್ತದೆ. ನಡುವೆ ಸೋರಿಕೆಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿತಗೊಳಿಸುತ್ತದೆ. ಮನೆ ಬಳಕೆಗೆ 30 ಮಿಲಿಆಂಪಿಯರ್ ಸೂಕ್ಷ್ಮತೆಯ ಆರ್‌ಸಿಸಿಬಿಯನ್ನೇ ಕೇಳಿ ಪಡೆಯಬೇಕು. 100 ಅಥವಾ 300 ಮಿಲಿಆಂಪಿಯರ್‌ನವು ಬೆಂಕಿ ಅನಾಹುತ ತಡೆಯಲು ನೆರವಾದಾವು, ವ್ಯಕ್ತಿಯ ರಕ್ಷಣೆಗೆ ಸಾಲವು.

ಆರ್‌ಸಿಸಿಬಿಯು ಎಂಸಿಬಿಯ ಕೆಲಸ ಮಾಡುವುದಿಲ್ಲ, ಎಂಸಿಬಿಯು ಆರ್‌ಸಿಸಿಬಿಯ ಕೆಲಸ ಮಾಡುವುದಿಲ್ಲ. ಎರಡೂ ಬೇಕು. ಎರಡೂ ಕೆಲಸ ಒಂದರಲ್ಲೇ ಮಾಡುವ ‘ಆರ್‌ಸಿಬಿಓ’ ಎಂಬ ಸಾಧನವೂ ದೊರೆಯುತ್ತದೆ. ಇಡೀ ಮನೆಗೆ ಹಾಕಿಸಲು ಅನುಕೂಲವಿಲ್ಲದವರು ಗೀಸರ್ ಲೈನಿಗಾದರೂ ಇದನ್ನು ಅಳವಡಿಸಿಕೊಳ್ಳಬೇಕು. ಅದರ ಮೇಲಿನ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಬದಲಿಸಬೇಕು.

ಭೂಸಂಪರ್ಕ ಇಲ್ಲದ ಗೀಸರ್ ಬೇಡ

ಮೂರು ಪಿನ್‌ಗಳ ಪ್ಲಗ್‌ನಲ್ಲಿ ಮೇಲಿನ ಪಿನ್ ಉಳಿದೆರಡಕ್ಕಿಂತ ದಪ್ಪ ಹಾಗೂ ಉದ್ದವಾಗಿರುವುದನ್ನು ಎಲ್ಲರೂ ನೋಡಿರುತ್ತಾರೆ. ಪ್ಲಗ್ ಹಾಕುವಾಗ ಭೂಸಂಪರ್ಕ, ಅಂದರೆ ಅರ್ಥಿಂಗ್ ಮೊದಲು ಏರ್ಪಡಲಿ, ತೆಗೆಯುವಾಗ ಕೊನೆಗೆ ಬಿಡಲಿ ಎಂಬುದೇ ಇದರ ಉದ್ದೇಶ. ಆದರೆ ಸಾಕೆಟ್‌ನ ಆ ರಂಧ್ರದ ಹಿಂದೆ ತಂತಿಯೇ ಇಲ್ಲದ ಮನೆಗಳು ಸಾಕಷ್ಟಿವೆ.

ಈ ಭಾಗದ ಕೊಳವೆಬಾವಿ ನೀರು ಬಹುತೇಕ ಗಡುಸು. ಗಡುಸು ನೀರಿನಿಂದ ಕಾಯಿಲ್ ಮೇಲೆ ಸುಣ್ಣದಂತಹ ಪದರ ಕಟ್ಟುತ್ತದೆ. ಶಾಖ ನೀರಿಗೆ ಇಳಿಯದೆ ಕಾಯಿಲ್‌ನ ಹೊರಕವಚ ಬಿರಿಯುತ್ತದೆ. ವಿದ್ಯುತ್ತು ನೀರಿಗೂ ಗೀಸರ್‌ನ ಲೋಹದ ಮೈಗೂ ಸೋರುತ್ತದೆ. ಅರ್ಥಿಂಗ್ ಸರಿಯಾಗಿದ್ದರೆ ಆ ಸೋರಿಕೆ ನೆಲಕ್ಕೆ ಹರಿದು ಆರ್‌ಸಿಸಿಬಿ ಬೀಳುತ್ತದೆ. ಇಲ್ಲವಾದರೆ ಸ್ನಾನ ಮಾಡುವವರ ದೇಹವೇ ಅದರ ದಾರಿಯಾಗುತ್ತದೆ.

ಭೂಸಂಪರ್ಕದ ವಿಷಯದಲ್ಲಿ ಕೆಲವು ತಪ್ಪು ರೂಢಿಗಳಿವೆ.

ಮೊದಲನೆಯದು, ಅರ್ಥ್ ತಂತಿ ಇಲ್ಲವೆಂದು ಸಾಕೆಟ್‌ನಲ್ಲಿಯೇ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸುವುದು. ಎಂದಾದರೂ ನ್ಯೂಟ್ರಲ್ ತುಂಡಾದರೆ ಗೀಸರ್‌ನ ಇಡೀ ಮೈಗೆ 230 ವೋಲ್ಟ್ ಬಂದು ನಿಲ್ಲುತ್ತದೆ. ಇದಕ್ಕಿಂತ ಅಪಾಯದ ಜೋಡಣೆ ಇನ್ನೊಂದಿಲ್ಲ.

ಎರಡನೆಯದು, ನೀರಿನ ಪೈಪಿಗೆ ಅರ್ಥ್ ತಂತಿ ಕಟ್ಟುವುದು. ಹಿಂದೆ ಕಬ್ಬಿಣದ ಪೈಪು ನೆಲದಲ್ಲಿ ಹುಗಿದಿರುತ್ತಿತ್ತು. ಈಗಿನ ಪೈಪುಗಳು ಪ್ಲಾಸ್ಟಿಕ್ಕಿನವು. ಅಲ್ಲಿ ಕಟ್ಟಿದ ತಂತಿ ನೆಲವನ್ನೇ ಮುಟ್ಟುವುದಿಲ್ಲ, ನಲ್ಲಿಗೆ ಮಾತ್ರ ವಿದ್ಯುತ್ ತರುತ್ತದೆ.

ಮೂರನೆಯದು, ಬಲ್ಬ್ ಹಚ್ಚಿ ಪರೀಕ್ಷಿಸುವುದು. ಫೇಸ್ ಮತ್ತು ಅರ್ಥ್ ನಡುವೆ 60 ವ್ಯಾಟ್ ಬಲ್ಬ್ ಉರಿದರೆ ಅರ್ಥಿಂಗ್ ಸರಿ ಇದೆ ಎಂಬ ನಂಬಿಕೆ ಇದೆ. ಈ ಬಲ್ಬಿಗೆ ಬೇಕಾದುದು ಕಾಲು ಆಂಪಿಯರ್ ಮಾತ್ರ. ಭೂಸಂಪರ್ಕದ ತಡೆ 100 ಓಮ್‌ನಷ್ಟು ಕಳಪೆಯಾಗಿದ್ದರೂ ಬಲ್ಬ್ ಚೆನ್ನಾಗಿಯೇ ಉರಿಯುತ್ತದೆ. ಆದರೆ ಗೀಸರ್‌ನಲ್ಲಿ ದೋಷ ಕಂಡುಬಂದಾಗ ಅಂತಹ ಅರ್ಥಿಂಗ್ ಮೂಲಕ ಹರಿಯುವುದು ಹೆಚ್ಚೆಂದರೆ 2.3 ಆಂಪಿಯರ್. ಅಷ್ಟಕ್ಕೆ 16 ಆಂಪಿಯರ್ ಎಂಸಿಬಿ ಅಲುಗುವುದೂ ಇಲ್ಲ. ಅರ್ಥ್ ಟೆಸ್ಟರ್ ಎಂಬ ಉಪಕರಣದಿಂದ ಅಳೆಯುವುದೇ ಸರಿಯಾದ ವಿಧಾನ.

ತಡೆ 5 ಓಮ್‌ನಷ್ಟು ಉತ್ತಮವಾಗಿದ್ದರೂ ಹರಿಯುವುದು 46 ಆಂಪಿಯರ್. 16 ಆಂಪಿಯರ್‌ನ ‘ಸಿ’ ವರ್ಗದ ಎಂಸಿಬಿ ತಕ್ಷಣ ಬೀಳಲು 80ರಿಂದ 160 ಆಂಪಿಯರ್ ಬೇಕು. ಅರ್ಥಿಂಗ್ ಇದ್ದರೂ ಆರ್‌ಸಿಸಿಬಿ ಏಕೆ ಬೇಕೆಂಬುದಕ್ಕೆ ಈ ಲೆಕ್ಕವೇ ಉತ್ತರ.

ಘಟಪ್ರಭಾ ದಂಡೆಯ ಎರೆ ಭೂಮಿ ಹಸಿಯಿದ್ದಾಗ ಭೂಸಂಪರ್ಕಕ್ಕೆ ಒಳ್ಳೆಯ ಮಣ್ಣು. ಆದರೆ ಬೇಸಿಗೆಯಲ್ಲಿ ಅದು ಬಿರುಕುಬಿಟ್ಟು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಆದ್ದರಿಂದ ಕನಿಷ್ಠ 2.5 ಮೀಟರ್ ಉದ್ದದ ಪೈಪ್ ಹುಗಿಯುವುದು, ಗುಂಡಿಗೆ ಮುಚ್ಚಳವಿಟ್ಟು ಬೇಸಿಗೆಯಲ್ಲಿ ಆಗಾಗ ನೀರು ಹಾಕುವುದು ಅವಶ್ಯ.

ಬಚ್ಚಲುಮನೆಯಲ್ಲಿ ಎಲ್ಲಿ ಕೂರಿಸಬೇಕು?

ಸ್ವಿಚ್ ಬಚ್ಚಲುಮನೆಯ ಹೊರಗೆ, ಬಾಗಿಲ ಪಕ್ಕದಲ್ಲಿರುವುದು ಅತ್ಯುತ್ತಮ. ಒದ್ದೆ ಕೈಯಿಂದ ಮುಟ್ಟುವ ಸಂದರ್ಭವೇ ಇರುವುದಿಲ್ಲ. ಒಳಗಿದ್ದವರಿಗೆ ತೊಂದರೆಯಾದರೆ ಹೊರಗಿನವರು ಕೂಡಲೇ ಆರಿಸಬಹುದು.

ಅಂತರರಾಷ್ಟ್ರೀಯ ವೈರಿಂಗ್ ನಿಯಮಗಳು ಸ್ನಾನದ ಜಾಗದ ಮೇಲೆ 2.25 ಮೀಟರ್ ಎತ್ತರದವರೆಗಿನ ಭಾಗವನ್ನೂ, ಅದರ ಅಂಚಿನಿಂದ ಸುತ್ತಲಿನ 60 ಸೆಂ.ಮೀ. ಭಾಗವನ್ನೂ ವಿಶೇಷ ಅಪಾಯದ ವಲಯಗಳೆಂದು ಗುರುತಿಸುತ್ತವೆ. ಈ ವಲಯದೊಳಗೆ 16 ಆಂಪಿಯರ್ ಸಾಕೆಟ್ ಇರಬಾರದು. ನಮ್ಮ ಬಚ್ಚಲುಮನೆಗಳು ಚಿಕ್ಕವಾದ್ದರಿಂದ ಸಾಕೆಟ್ ಒಳಗೆ ಇರಲೇಬೇಕಾದರೆ ಅದನ್ನು ಗೀಸರ್‌ನ ಎತ್ತರದಲ್ಲಿ, ನೀರು ಸಿಡಿಯದ ಬದಿಯಲ್ಲಿ, ಮುಚ್ಚಳ ಸಹಿತ ಕೂರಿಸಬೇಕು. ಗೀಸರ್‌ನ ನೇರ ಕೆಳಗೆ ಸಾಕೆಟ್ ಇಡುವುದು ತಪ್ಪು. ಸುರಕ್ಷತಾ ವಾಲ್ವ್‌ನಿಂದ ತೊಟ್ಟಿಕ್ಕುವ ನೀರು ಅದರ ಮೇಲೆಯೇ ಬೀಳುತ್ತದೆ. ಹೊರಗೆ ಸ್ವಿಚ್, ಒಳಗೆ ಎತ್ತರದಲ್ಲಿ ಕನೆಕ್ಟರ್ ಪೆಟ್ಟಿಗೆ ಎಂಬುದು ಎಲ್ಲಕ್ಕಿಂತ ನಿರಾತಂಕ ವ್ಯವಸ್ಥೆ.

ತೋಟದ ಮನೆಗಳ ಸಮಸ್ಯೆ

ಟ್ರಾನ್ಸ್‌ಫಾರ್ಮರ್‌ನಿಂದ ದೂರವಿರುವ ತೋಟದ ಮನೆಗಳಲ್ಲಿ ವೋಲ್ಟೇಜ್ ಇಳಿಯುವುದು ಸಾಮಾನ್ಯ. ಇದರಿಂದ ಮೋಟಾರ್‌ಗಳಿಗೆ ಹಾನಿಯಾಗುವಂತೆ ಗೀಸರ್ ಕಾಯಿಲ್‌ಗೆ ಹಾನಿಯಾಗದು. ಶಾಖ ಮಾತ್ರ ತಗ್ಗುತ್ತದೆ. ವೋಲ್ಟೇಜ್ 180ಕ್ಕೆ ಇಳಿದರೆ 2,000 ವ್ಯಾಟ್‌ನ ಗೀಸರ್ ಸುಮಾರು 1,225 ವ್ಯಾಟ್‌ನಷ್ಟೇ ಕೆಲಸ ಮಾಡುತ್ತದೆ. ನೀರು ಕಾಯಲು ಹೆಚ್ಚು ಸಮಯ ಬೇಕಾಗುತ್ತದೆ. ಹರಿಯುವ ನೀರನ್ನೇ ಕಾಯಿಸುವ ಇನ್‌ಸ್ಟಂಟ್ ಗೀಸರ್ ಇಂತಲ್ಲಿ ಪ್ರಯೋಜನಕ್ಕೆ ಬಾರದು. ಪೂರ್ಣ ವೋಲ್ಟೇಜ್ ಇದ್ದಾಗಲೂ 3,000 ವ್ಯಾಟ್‌ನ ಗೀಸರ್ ನಿಮಿಷಕ್ಕೆ ಸುಮಾರು 2 ಲೀಟರ್ ನೀರಿನ ಉಷ್ಣತೆಯನ್ನು ಮಾತ್ರ 20 ಡಿಗ್ರಿಯಷ್ಟು ಏರಿಸಬಲ್ಲದು. ತೋಟದ ಮನೆಗೆ ನೀರು ಸಂಗ್ರಹಿಸುವ ಗೀಸರ್ ಹೆಚ್ಚು ಸೂಕ್ತ.

ಇದಕ್ಕಿಂತ ಗಂಭೀರವಾದುದು ಟ್ರಾನ್ಸ್‌ಫಾರ್ಮರ್ ಕಡೆಯ ನ್ಯೂಟ್ರಲ್ ಕಡಿದುಹೋಗುವುದು. ಆಗ ಕೆಲವು ಮನೆಗಳಲ್ಲಿ ವೋಲ್ಟೇಜ್ ಕುಸಿದರೆ ಇನ್ನು ಕೆಲವದರಲ್ಲಿ 400ರ ಸಮೀಪಕ್ಕೆ ಏರಬಹುದು. ದೀಪಗಳು ಒಮ್ಮೆಲೆ ಅತಿಯಾಗಿ ಹೊಳೆಯತೊಡಗಿದರೆ ತಕ್ಷಣ ಮೇನ್ ಸ್ವಿಚ್ ಆರಿಸಿ ದೂರು ನೀಡಬೇಕು.

ನೆರೆ ಬಂದು ಹೋದ ಮನೆಗಳು

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಹರಿದು ಗೋಕಾಕ ಪಟ್ಟಣ ಹಾಗೂ ನದಿ ದಂಡೆಯ ಹಳ್ಳಿಗಳು ಜಲಾವೃತವಾದುದು ಈ ಭಾಗದ ಜನರ ನೆನಪಿನಿಂದ ಮಾಸಿಲ್ಲ. ನೀರಿನಲ್ಲಿ ಮುಳುಗಿದ ಸ್ವಿಚ್, ಸಾಕೆಟ್, ಎಂಸಿಬಿಗಳನ್ನು ಒಣಗಿಸಿ ಮತ್ತೆ ಬಳಸಬಾರದು. ಒಳಗೆ ಸೇರಿದ ಕೆಸರು ಮತ್ತು ತುಕ್ಕು ವರ್ಷಗಳ ನಂತರವೂ ಸಡಿಲ ಸಂಪರ್ಕಕ್ಕೆ, ಸೋರಿಕೆಗೆ ಕಾರಣವಾಗುತ್ತವೆ. ಇಂತಹ ಮನೆಗಳಲ್ಲಿ ಹೊಸದಾಗಿ ಗೀಸರ್ ಕೂರಿಸುವ ಮೊದಲು ಮೆಗ್ಗರ್ ಉಪಕರಣದಿಂದ ತಂತಿಗಳ ನಿರೋಧಕತೆಯನ್ನು ಪರೀಕ್ಷಿಸಬೇಕು. ಮತ್ತೆ ನೆರೆ ಬರುವ ಸಂಭವವಿರುವಲ್ಲಿ ಸಾಕೆಟ್ ಹಾಗೂ ಫಲಕಗಳನ್ನು ಹಿಂದಿನ ನೀರಿನ ಗುರುತಿಗಿಂತ ಮೇಲೆ ಕೂರಿಸುವುದು ವಿವೇಕದ ಕ್ರಮ.

ಸೋಲಾರ್ ಇದ್ದವರೂ ಗಮನಿಸಿ

ಚಾವಣಿಯ ಸೋಲಾರ್ ವಾಟರ್ ಹೀಟರ್‌ಗಳಲ್ಲಿಯೂ ಮೋಡದ ದಿನಗಳಿಗಾಗಿ ವಿದ್ಯುತ್ ಕಾಯಿಲ್ ಅಳವಡಿಸಿರುತ್ತಾರೆ. ಇದಕ್ಕೂ ಮೇಲಿನ ಎಲ್ಲ ನಿಯಮ ಅನ್ವಯ. ಮಳೆ ಬಿಸಿಲಿಗೆ ತೆರೆದಿರುವ ಚಾವಣಿಯ ಮೇಲೆ ಸಾಮಾನ್ಯ ಸಾಕೆಟ್ ಕೂರಿಸದೆ, ಮನೆಯೊಳಗೆ ಡಿಪಿ ಸ್ವಿಚ್ ಇಟ್ಟು ಪೈಪಿನೊಳಗೆ ತಂತಿ ಒಯ್ದು ಮೇಲೆ ನೀರು ಹೊಗದ ಪೆಟ್ಟಿಗೆಯಲ್ಲಿ ಜೋಡಿಸಬೇಕು.

ಮಂಜೂರಾದ ಹೊರೆ ಮತ್ತು ಬಿಲ್ಲು

ಪ್ರತಿ ಮನೆಗೂ ಮಂಜೂರಾದ ವಿದ್ಯುತ್ ಹೊರೆ ಬಿಲ್ಲಿನಲ್ಲಿ ಕಿಲೋವ್ಯಾಟ್ ಲೆಕ್ಕದಲ್ಲಿ ನಮೂದಾಗಿರುತ್ತದೆ. 1 ಕಿಲೋವ್ಯಾಟ್ ಮಂಜೂರಾದ ಮನೆಗೆ 3 ಕಿಲೋವ್ಯಾಟ್‌ನ ಗೀಸರ್ ತರುವ ಮೊದಲು ಹೊರೆ ಹೆಚ್ಚಿಸಿಕೊಳ್ಳಲು ಅರ್ಜಿ ಸಲ್ಲಿಸಬೇಕು. ಭಾಗ್ಯಜ್ಯೋತಿ, ಕುಟೀರ ಜ್ಯೋತಿ ಯೋಜನೆಗಳಡಿ ಕೇವಲ ದೀಪಕ್ಕಾಗಿ ಪಡೆದ ಸಂಪರ್ಕಗಳ ತಂತಿಗಳು ಗೀಸರ್ ಭಾರ ತಾಳುವಂಥವಲ್ಲ.

ಗೋಕಾಕ ಮತ್ತು ಮೂಡಲಗಿ ಭಾಗದವರು ಇದಕ್ಕಾಗಿ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂನ ಉಪವಿಭಾಗ ಕಚೇರಿಯನ್ನು ಸಂಪರ್ಕಿಸಬೇಕು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಗ್ರಾಹಕರು ಆ ಸಂಘಕ್ಕೇ ಅರ್ಜಿ ಸಲ್ಲಿಸಬೇಕು.

2023ರ ಜುಲೈನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇನ್ನೊಂದು ಲೆಕ್ಕವನ್ನೂ ಗಮನಿಸಬೇಕು. 25 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 1.2 ಯೂನಿಟ್ ಬೇಕು. 2,000 ವ್ಯಾಟ್‌ನ ಗೀಸರ್‌ಗೆ ಇದು 35 ನಿಮಿಷಗಳ ಕೆಲಸ. ದಿನಕ್ಕೆ ಎರಡು ಬಾರಿ ಕಾಯಿಸಿದರೆ ತಿಂಗಳಿಗೆ 70 ಯೂನಿಟ್ ದಾಟುತ್ತದೆ. ಯೋಜನೆಯಲ್ಲಿ ಉಚಿತ ಪ್ರಮಾಣವನ್ನು ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ನಿಗದಿಪಡಿಸಿದ್ದು, ಹೆಚ್ಚುವರಿ ಬಳಕೆಗೆ ಹಣ ತೆರಬೇಕಾಗುತ್ತದೆ. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ಣ ಬಿಲ್ಲು ಕಟ್ಟಬೇಕು.

ಅಂಗಡಿಯಲ್ಲಿ ನೋಡಬೇಕಾದ ಅಂಶಗಳು

* ಸ್ವಿಚ್, ಸಾಕೆಟ್, ಪ್ಲಗ್, ತಂತಿ, ಎಂಸಿಬಿ, ಆರ್‌ಸಿಸಿಬಿ ಎಲ್ಲದರ ಮೇಲೂ ಐಎಸ್‌ಐ ಮುದ್ರೆ ಇರಲಿ. ಮುದ್ರೆಯೊಂದಿಗೆ ಮಾನಕದ ಸಂಖ್ಯೆ ಮತ್ತು ‘ಸಿಎಂ/ಎಲ್’ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಮೊಬೈಲ್ ಆ್ಯಪ್‌ನಲ್ಲಿ ಈ ಸಂಖ್ಯೆಯನ್ನು ಪರಿಶೀಲಿಸಬಹುದು.
* ಸ್ವಿಚ್‌ಗೆ ಐಎಸ್ 3854, ಸಾಕೆಟ್‌ಗೆ ಐಎಸ್ 1293, ತಂತಿಗೆ ಐಎಸ್ 694, ಸಂಗ್ರಹ ಗೀಸರ್‌ಗೆ ಐಎಸ್ 2082, ಇನ್‌ಸ್ಟಂಟ್ ಗೀಸರ್‌ಗೆ ಐಎಸ್ 8978 ಎಂಬ ಸಂಖ್ಯೆಗಳಿರುತ್ತವೆ.
* ಪ್ಲಗ್ ಹಾಕಿ ತೆಗೆದು ನೋಡಿ. ಹಿಡಿತ ಬಿಗಿಯಾಗಿರಬೇಕು, ಅಲುಗಾಡಬಾರದು.
* ತಂತಿ ಕಚ್ಚುವ ಸ್ಕ್ರೂಗಳು ಹಿತ್ತಾಳೆಯವಾಗಿದ್ದು, 4 ಚದರ ಮಿ.ಮೀ. ತಂತಿ ಸರಾಗವಾಗಿ ಹೊಗುವಂತಿರಬೇಕು.
* ಬಿಲ್ಲು ಪಡೆಯುವುದನ್ನು ಮರೆಯಬೇಡಿ.

ಕೆಲಸ ಯಾರಿಂದ?

ವೈರಿಂಗ್ ಕೆಲಸವನ್ನು ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದಿಂದ ಪರವಾನಗಿ ಪಡೆದ ಗುತ್ತಿಗೆದಾರರು ಹಾಗೂ ಪರ್ಮಿಟ್ ಹೊಂದಿದ ವೈರ್‌ಮನ್‌ಗಳಿಂದಲೇ ಮಾಡಿಸಬೇಕು. ಗೀಸರ್ ಕಂಪನಿಯಿಂದ ಬರುವ ಹುಡುಗರು ಗೀಸರ್ ಅನ್ನು ಗೋಡೆಗೆ ಕೂರಿಸಿ ನೀರಿನ ಪೈಪು ಜೋಡಿಸುತ್ತಾರೆಯೇ ಹೊರತು, ಮನೆಯ ತಂತಿ, ಅರ್ಥಿಂಗ್ ಪರೀಕ್ಷಿಸುವುದು ಸಾಮಾನ್ಯವಾಗಿ ಅವರ ಕೆಲಸದಲ್ಲಿ ಸೇರಿರುವುದಿಲ್ಲ.

ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿದೆಯೆಂದು ಖಚಿತಪಡಿಸಿಕೊಂಡು ಗೀಸರ್ ಅನ್ನು ಅರ್ಧ ಗಂಟೆ ಚಾಲೂ ಮಾಡಿ. ನಂತರ ಮೇನ್ ಆರಿಸಿ ಪ್ಲಗ್ ಮತ್ತು ಸ್ವಿಚ್‌ನ ಮೇಲ್ಮೈ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಆತಂಕವಿಲ್ಲ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಜೋಡಣೆ ಸಡಿಲವಿದೆ ಎಂದೇ ತಿಳಿದು ವೈರ್‌ಮನ್‌ನನ್ನು ಮರಳಿ ಕರೆಸಬೇಕು.

ಅವಘಡ ಸಂಭವಿಸಿದರೆ

ಶಾಕ್ ಹೊಡೆದವರನ್ನು ಬರಿಗೈಯಿಂದ ಮುಟ್ಟಬಾರದು. ಮೊದಲು ಮೇನ್ ಸ್ವಿಚ್ ಆರಿಸಬೇಕು. ಅದು ಸಾಧ್ಯವಾಗದಿದ್ದರೆ ಒಣಗಿದ ಕಟ್ಟಿಗೆಯಿಂದ ಅವರನ್ನು ಬೇರ್ಪಡಿಸಬೇಕು. ಉಸಿರು ನಿಂತಿದ್ದರೆ ಎದೆಯ ನಡುಭಾಗವನ್ನು ಒಂದೇ ಸಮನೆ ವೇಗವಾಗಿ ಒತ್ತುತ್ತಿರಬೇಕು ಹಾಗೂ 108ಕ್ಕೆ ಕರೆ ಮಾಡಬೇಕು. ಲೈನ್ ದೋಷಗಳಿದ್ದರೆ ಹೆಸ್ಕಾಂನ ಸಹಾಯವಾಣಿ 1912ಕ್ಕೆ ದೂರು ನೀಡಬಹುದು.

ನಲ್ಲಿ ಮುಟ್ಟಿದಾಗ ‘ಜುಮ್’ ಎಂದರೆ ಅದನ್ನು ಸಣ್ಣ ಸಂಗತಿಯೆಂದು ಕಡೆಗಣಿಸುವಂತಿಲ್ಲ. ಸೋರಿಕೆ ಆರಂಭವಾಗಿರುವುದರ ಮುನ್ಸೂಚನೆ ಅದು. ಗೀಸರ್ ಬಂದ್ ಮಾಡಿಸಿ, ದೋಷ ಸರಿಪಡಿಸುವವರೆಗೆ ಒಲೆಯ ಮೇಲಿನ ಹಂಡೆಯ ನೀರಿನಲ್ಲಿಯೇ ಸ್ನಾನ ಮುಗಿಸುವುದು ಕ್ಷೇಮ.